ಮುಟ್ಟಬಾರದ ಹುಳ

ಆಸ್ಪತ್ರೆಯ ನೆಲ ಒರೆಸುವವಳ ಕೈಗೆ ಕೆಲಸವಿತ್ತು, ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಬೆಂಚಿನ ಮೇಲೆ ಅಜ್ಜಿ, ಮೊಮ್ಮಗಳು. ಮಗುವಿನ ಕೈಯಲ್ಲಿ ಬೆಂಕಿಪೊಟ್ಟಣ.

“ಹಿತ್ತಲಲ್ಲಿ ಸಿಕ್ತು ಅಜ್ಜಿ, ಸಾವಿರಕಾಲಿನ ಹುಳ. ಎಲೇಲಿ ಎತ್ತಿ ಇದರೊಳಗೆ ಹಾಕ್ದೆ, ಸುರುಳಿ ಸುತ್ಕೊಂಡಿದೆ.”

“ನಿನ್ನ ಹುಳದ ಪುರಾಣ ಸಾಕು ಪುಟ್ಟಿ. ಅಮ್ಮ ಬಿದ್ದಾಗ ಪಕ್ಕದ ಮನೆಯವರನ್ನ ಯಾಕೆ ಕೂಗ್ಲಿಲ್ಲ?”

“ಬೀಳ್ಲಿಲ್ಲ. ಅಡುಗೆಮನೇಲಿ ಹೊಟ್ಟೆ ಹಿಡ್ಕೊಂಡು ಇದರ ಥರಾನೇ ಸುತ್ಕೊಂಡ್ಲು.”

“ಅಲುಗಾಡಿಸಿ ನೋಡಬಾರದಿತ್ತಾ?”

“ನೀನೇ ಹೇಳಿದ್ದೆಯಲ್ಲ, ಸುತ್ಕೊಂಡಾಗ ಮುಟ್ಟಬಾರದು, ಸುಮ್ನೆ ಬಿಟ್ರೆ ತಾನಾಗೇ ಬಿಚ್ಕೊಳ್ಳುತ್ತೆ ಅಂತ. ನಾನು ಮುಟ್ಟಲೇ ಇಲ್ಲ. ನೀನು ಬರೋ ತನಕ ಪಕ್ಕದಲ್ಲೇ ಕೂತಿದ್ದೆ.”

ಅಜ್ಜಿ ಮಗುವಿನ ತಲೆ ನೇವರಿಸಿದಳು.

“ಜಾಣೆ,” ಎಂದಳು.

ನರ್ಸ್ ಬಾಗಿಲು ತೆರೆದಳು. “ಮಗು ಇಲ್ಲೇ ಇರಲಿ. ನೀವೊಬ್ಬರೇ ಬನ್ನಿ.”

ಅಜ್ಜಿ ಗೋಡೆ ಹಿಡಿದು ಒಳಗೆ ನಡೆದಳು. ಮಗು ಹಿಂದಿನಿಂದ ಕೂಗಿತು:

“ಅಜ್ಜಿ, ಅಮ್ಮನ್ನ ಯಾರೂ ಮುಟ್ಟಬೇಡಿ ಅಂತ ಅವರಿಗೂ ಹೇಳು!”