ಒಳಗೆ ಹೋಗದ ಸಕ್ಕರೆ

...ಅಲ್ಲ ಕಣೇ ಚಲುವಿ, ನಿನ್ ಎದೆಹಾಲಲ್ಲಿ ನಂಜಿರ್ನಿಲ್ಲ! ಮೈಸೂರ್ ಆಸ್ಪತ್ರೆ ಡಾಕ್ಟ್ರು ಬಾಯ್ಬುಟ್ಟು ಯೇಳವ್ರೆ. ನಮ್ಮವ್ವ ಅಂದಿದ್ದು ಸುಳ್ಳು. ಕೊತ್ತತ್ತಿ ಊರೆಲ್ಲ ಅಂದಿದ್ದೂ ಸುಳ್ಳು... ಏಳು, ಗಂಜಿ ಕುಡಿ. ಜ್ವರ ಇನ್ನೂ ಬುಟ್ಟಿಲ್ಲ ನಿಂಗೆ.

ಹಾಲಲ್ಲೂ ಸಕ್ಕರೆ ಅದಂತೆ. ದಿನಾ ಕಬ್ಬು ಕಡಿಯೋನು ನಾನು, ಅದ್ನ ಮೈಸೂರ್ಗೋಗಿ ತಿಳ್ಕಬೇಕಾಯ್ತು! ಸಣ್ ಕರುಳಿನ ಗೋಡೇಲಿ ಕಣ್ಗೆ ಕಾಣ್ದಂಗೆ ಜೀವಕಣ ಅವಂತೆ, ಒತ್ತೊತ್ತಾಗಿ. ಒಂದೊಂದ್ಕೂ ಬಾಗ್ಲು. ಉಪ್ಪು ಒಳೀಕ್ ಓಗುವಾಗ ಸಕ್ಕರೆ ಕೈ ಇಡ್ಕಂಡು ಎಳ್ಕಂಡೋಯ್ತದಂತೆ. ಅಲ್ಲಿಂದ ರಕ್ತಕ್ಕೆ. ನಮ್ ಮಗೀಗೆ ಆ ಬಾಗ್ಲು ಉಟ್ದಾಗ್ಲಿಂದ್ಲೇ ಇಲ್ಲ. ಫ್ಯಾಕ್ಟ್ರಿ ಗೇಟಲ್ಲಿ ಕಬ್ಬಿನ್ ಗಾಡಿ ನಿಂತ್ಕಳಲ್ವಾ... ಅಂಗೆ ಸಕ್ಕರೆ ಕರುಳಲ್ಲೇ ನಿಂತ್ಕತ್ತು. ನಿಂತಿದ್ದು ಮೈನೀರ್ನೆಲ್ಲ ಎಳ್ಕತ್ತು. ಅದ್ಕೇ ಬೇದಿ. ನೀ ಕುಡ್ಸಿದಷ್ಟೂ ಬೇದಿ...

ಯಾಕಮ್ಮಿ ಅಂಗ್ ನೋಡ್ತೀಯ? ನಿನ್ ತಪ್ಪಲ್ಲ ಅಂದ್ನಲ್ಲ.

ಎಂಡ್ತಿ ನಿಂಗೆ ಸಂಬಂಧವಾ ಅಂತ ಕೇಳುದ್ರು. ಅಕ್ಕನ್ ಮಗಳು ಅಂದೆ. ಇಬ್ರ ರಕ್ತದಲ್ಲೂ ಈ ಕೊರ್ತೆ ಅಡ್ಗಿತ್ತಂತೆ. ಎಲ್ಡೂ ಸೇರ್ಕಂಡ್ರೆ ಇಂಗಾಯ್ತದಂತೆ. ನಿಂದೆಷ್ಟೋ ನಂದೂ ಅಷ್ಟೇ.

ಹಣ್ಣಿನ್ ಸಕ್ಕರೆಗೆ ಬ್ಯಾರೆ ಬಾಗ್ಲಂತೆ. ಅದ್ನ ನೀರಲ್ಲಿ ಕಲ್ಸಿ ಕೊಟ್ರು. ಕುಡೀತು! ಬೇದಿ ನಿಂತೋಯ್ತು! ನನ್ ಕೈಬೆಟ್ಟು ಇಡ್ಕತ್ತು ಚಲುವಿ, ಗಟ್ಯಾಗಿ. ಈಗ... ಈಗ ನಿನ್ನವ್ವನ ಮಡ್ಲಲ್ಲಿ ಮಲ್ಗದೆ. ಆಸ್ಪತ್ರೇಲೇ. ಇನ್ನೊಂದ್ ವಾರ ಇರ್ಲಿ ಅಂದ್ರು... ಗಂಜಿ ಆರೋಯ್ತದೆ, ಕುಡಿ.

ಏನಾರ ಕೇಳು.

ಎಂಗದೆ ಮಗ, ಕಣ್ ಬುಡ್ತದಾ, ಯಾವಾಗ ಕರ್ಕಂಡ್ ಬತ್ತೀಯ... ಒಂದೂ ಕೇಳ್ನಿಲ್ವಲ್ಲ ನೀನು. ನಾ ಒಳೀಕ್ ಬಂದಾಗ್ಲಿಂದ ಒಂದ್ ಮಾತೂ ಕೇಳ್ನಿಲ್ಲ.

ಯಾರ್ ಯೇಳುದ್ರು ನಿಂಗೆ?

...ನನ್ ಮಕ ನೋಡೇ ತಿಳ್ಕಂಡ್ಯಾ.

ಬೇದಿ ನಿಂತಿದ್ದು ದಿಟ. ಬೆಟ್ಟು ಇಡ್ಕಂಡಿದ್ದೂ ದಿಟ. ಅಷ್ಟೊತ್ಗೆ ಮೈಯಲ್ಲಿ ಏನೂ ಉಳ್ದಿರ್ನಿಲ್ಲ ಕಣಮ್ಮಿ. ಪಕ್ಕದ್ ಒಲದ ಶಿವಣ್ಣ ಗುಂಡಿ ತೆಗ್ದ. ನಾಲೆ ಏರಿ ಕೆಳ್ಗೆ, ನಮ್ ಒಲದ್ ಬದೀಲೇ. ಜ್ವರದಲ್ಲಿ ನೀ ನೋಡೋದ್ ಬ್ಯಾಡ ಅಂದ್ಕಂಡೊ...

ನಿನ್ನವ್ವ ಇಲ್ಲೇ ಅವ್ಳೆ. ಜಗಲಿ ಮ್ಯಾಲೆ ಕುಂತವ್ಳೆ. ನಿನ್ ಮಕ ನೋಡಾಕೆ ಆಯ್ತಿಲ್ಲ ಅಂತಾಳೆ.

ಕರೀಲಾ?