ಹೆಣಿಗೆ ತಪ್ಪಿದ ಸಂಚಿ

ಕಳೆದುಹೋದ ಹೋರಿಯ ದೂರು ಬರೆಸಲೆಂದು ಠಾಣೆಯ ಜಗುಲಿಯಲ್ಲಿ ಕುಳಿತಿದ್ದ ಅಂದಾನಯ್ಯನವರ ಪಕ್ಕಕ್ಕೆ ಅಕ್ಕತಂಗಿಯರಿಬ್ಬರು ಬಂದು ಕುಳಿತರು. ಮೂರು ದಿನಗಳ ಹಿಂದೆ ಹೊಳೆಗೆ ಹೋದ ಅವರ ತಾಯಿ ಹಿಂದಿರುಗಿರಲಿಲ್ಲವೆಂಬುದು ಮಾತಿನಿಂದಲೇ ತಿಳಿಯಿತು.

“ಗಂಜಾಂ ಹೊಳೆ ಮೆಟ್ಲ ಮೇಲೆ ಎಲಡ್ಕೆ ಸಂಚಿ ಸಿಕ್ತಂತೆ ಕಣಕ್ಕ. ಕೆಂಪು ನೂಲಿಂದಂತೆ.”

“ಕೆಂಪು ನೂಲಿನ ಸಂಚಿ ಊರ್ಗೆಲ್ಲಾ ಅವೆ. ಸುಮ್ಕಿರು ಮಾಯಿ.”

“ಅವ್ವ ಸಂಚಿ ಬುಟ್ಟು ಬಚ್ಚಲ್ಗೂ ಹೋಗಾಕಿಲ್ವಲ್ಲಕ್ಕ.”

“ಅದ್ಕೇ ಯೋಳ್ತಿರಾದು. ಬುಟ್ಟೋಗಿದ್ರೆ ಅದು ಅವ್ವಂದಲ್ಲ ಕಣೆ.”

“ನೀನೇ ಹೆಣ್ದಿದ್ದಲ್ವಾ? ನೋಡಿದ್ರೆ ಗುರ್ತು ಸಿಗಾಕಿಲ್ವಾ?”

“ಆಗ ನಂಗೆ ಒಂಬತ್ತು ವರ್ಸ. ಹೆಣಿಗೆ ತಪ್ಪಿ ತಳದಾಗೆ ಬೆರಳು ತೂರೋವಷ್ಟು ತೂತಾಗೋಯ್ತು. ಬಿಚ್ಚಿ ಹೆಣೀತೀನಿ ಅಂದ್ರೆ, ಮಗಳು ಮಾಡಿದ್ದು ಅಂಗೇ ಇರ್ಲಿ ಅಂತ ಬುಡ್ನಿಲ್ಲ. ಅಡ್ಕೆ ಉದ್ರೋದು, ಆಯ್ಕೊಂಡು ನಗೋಳು.”

ಅಷ್ಟರಲ್ಲಿ ಪೇದೆಯು ಸಂಚಿಯನ್ನು ತಂದು ಅಕ್ಕನ ಕೈಗಿತ್ತನು.

“ನಿಮ್ಮವ್ವಂದೇನಮ್ಮಾ?”

ಆಕೆ ಸಂಚಿಯೊಳಗೆ ಕೈಯಿಳಿಸಿ, ಬಹಳ ಹೊತ್ತು ತಡವಿದಳು.

“ಅಲ್ಲ ಸ್ವಾಮಿ. ನಮ್ಮವ್ವಂದಲ್ಲ.”

“ಸರಿ, ಇತ್ಲಾಗ್ ಕೊಡು.”

ಆಕೆ ಕೊಡಲಿಲ್ಲ. ಸಂಚಿಯ ತಳದಿಂದ ಆಕೆಯ ಬೆರಳು ಹೊರಬಂದಿದ್ದುದನ್ನು ಅಂದಾನಯ್ಯನವರು ಕಂಡರು, ತಂಗಿಯೂ ಕಂಡಳು.

“ಒಳೀಕ್ ಬನ್ನಿ,” ಎಂದನು ಪೇದೆ, ದನಿ ತಗ್ಗಿಸಿ.

ಬೆರಳನ್ನು ಈಚೆಗೆ ತೆಗೆಯದೆಯೇ ಆಕೆ ಅವನ ಹಿಂದೆ ನಡೆದಳು.