ಆದರೆಯ ಆಚೆ ದಡ

ಕೇಳ್ರಪ್ಪೋ ಕೇಳ್ರಿ, ಹೂಂಗುಟ್ಟಿದವರಿಗಷ್ಟೇ ಕಥೆ! ಒಂದಾನೊಂದು ಹೊಳೆ, ಹೊಳೆಯ ಈಚೆಗೊಂದು ಊರು. ಊರಿನ ಹೆಸರಾ? ಹೊಳೆ ಕೊಚ್ಚಿಕೊಂಡು ಹೋಯ್ತು, ಬಿಡಿ.

ಆ ಊರ ಗೌಡನ ಮಾತು ಉದ್ದ, ಡಂಗುರ ಸಾರೋ ಈರಣ್ಣನ ಉಸಿರು ಗಿಡ್ಡ. ಅದಕ್ಕೆ ಈರಣ್ಣ ಒಂದು ಉಪಾಯ ಮಾಡಿಕೊಂಡಿದ್ದ. ಗೌಡ "ಆದರೆ" ಅನ್ನೋವರೆಗೂ ಸುಮ್ಮನಿದ್ದು, ಆಮೇಲೆ ಬಂದದ್ದನ್ನಷ್ಟೇ ಸಾರೋನು. ಊರಿಗೆ ಅದೇ ತೀರ್ಪು.

ಊರ ಅಂಬಿಗ ತೀರಿಕೊಂಡ. ಅವನ ಮಗಳು ದ್ಯಾವಿ ಅಪ್ಪನ ಹುಟ್ಟು ಹಿಡಿದು ಗೌಡನ ಮುಂದೆ ನಿಂತಳು. "ಇನ್ನು ಹರಿಗೋಲು ನಾನು ನಡೆಸ್ತೀನಿ ಬುದ್ಧಿ."

ಗೌಡ ಮೀಸೆ ತೀಡಿದ. "ನಿನ್ನ ರಟ್ಟೇಲಿ ಬಲ ಐತೆ, ಆದರೆ ನೀನು ಹೆಣ್ಣು."

ಡಂ ಡಂ ಡಂ! "ದ್ಯಾವಿ ಹೆಣ್ಣು!"

ಅಲ್ಲಾ, ಅದು ಊರಿಗೆ ಗೊತ್ತಿರಲಿಲ್ವಾ? ರಟ್ಟೆಯ ಬಲ ಎಲ್ಲಿ ಹೋಯ್ತು? ಆದರೆಯ ಈಚೆ ದಡದಲ್ಲೇ ಉಳೀತು.

ಮಾರನೇ ದಿನ ಮತ್ತೆ ಹೋದಳು. ಗೌಡ ಅಂದ, "ಸುಳಿ ಎಲ್ಲೈತೆ ಅಂತ ನಿನಗೆ ಗೊತ್ತು, ಆದರೆ ನೀನು ಹೆಣ್ಣು."

ಡಂ ಡಂ ಡಂ! "ದ್ಯಾವಿ ಹೆಣ್ಣು!" ಹುಟ್ಟು ಅವಳ ದೊಡ್ಡಪ್ಪನ ಮಗ ಚಿಕ್ಕಯ್ಯನ ಕೈಗೆ ಹೋಯ್ತು.

ದ್ಯಾವಿಗೆ ಮೈಯೆಲ್ಲ ಉರೀತು. ಅತ್ತಳಾ? ಇಲ್ಲ. "ಮಾತು ಅವೇ ಇರಲಿ, ಆದರೆಯ ಆಚೆ ಈಚೆ ಅವುಗಳ ಜಾಗ ಬದಲಾಗಬೇಕು. ಬದಲಾಯಿಸದೆ ನಾನು ಬಿಡೋಳಲ್ಲ" ಅಂದವಳೇ ಹೊಳೆದಂಡೇಲಿ ಕೂತಳು.

ಮಳೆ ಹುಯ್ದು ಹೊಳೆ ಉಕ್ಕಿತು. ಆಚೆ ದಡದ ಊರಿಗೆ ಕೊಟ್ಟಿದ್ದ ಗೌಡನ ಮಗಳಿಗೆ ಹೆರಿಗೆ ನೋವು ಅಂತ ಅಲ್ಲಿಂದ ಕೂಗಿ ಹೇಳಿದರು, ಸೂಲಗಿತ್ತಿ ಈಚೆ ದಡದಲ್ಲಿ. ಗೌಡ ಓಡೋಡಿ ಬಂದ. "ಚಿಕ್ಕಯ್ಯಾ, ಹರಿಗೋಲು ಬಿಡೋ!"

"ಅಂಬಿಗ ನಾನೇ ಬುದ್ಧಿ, ಆದರೆ ಹೊಳೆ ತುಂಬೈತೆ."

ದ್ಯಾವಿ ಎದ್ದಳು. "ಹೊಳೆ ತುಂಬೈತೆ, ಆದರೆ ನಾನು ದಾಟಿಸ್ತೀನಿ." ಚಿಕ್ಕಯ್ಯನ ಕೈಯಿಂದ ಹುಟ್ಟು ಕಿತ್ಕೊಂಡಳು, ಸೂಲಗಿತ್ತೀನ ಕೂರಿಸ್ಕೊಂಡಳು, ಹೊರಟೇಬಿಟ್ಟಳು. ಹರಿಗೋಲು ಗಿರ್ರನೆ ತಿರುಗಿತು, ವಾಲಿತು, ಮುಳುಗೇಹೋಯ್ತು ಅನ್ನೋಹೊತ್ತಿಗೆ ಆಚೆ ದಡ ಮುಟ್ಟಿತು.

ಬೆಳಗಾಗ್ತಲೇ ಅವಳು ವಾಪಸ್ ಬಂದಾಗ ಗೌಡ ಇನ್ನೂ ಅಲ್ಲೇ ನಿಂತಿದ್ದ. "ಏನಾಯ್ತವ್ವಾ?"

"ತಾಯಿ ಮಗು ಚೆನ್ನಾಗವ್ರೆ ಬುದ್ಧಿ, ಆದರೆ ಮಗು ಹೆಣ್ಣು."

"ನನ್ನ ಮೊಮ್ಮಗಳಿಗೆ ಆದರೆ ಯಾಕೆ ಹಚ್ತೀಯೇ?" ಅಂತ ಗೌಡ ರೇಗಿದ. ಅಲ್ಲಾ, ಅದು ಅವನದೇ ಮಾತು! ಮೀಸೆ ಮೇಲೆ ಹೋದ ಕೈ ಕೆಳಗಿಳೀತು. ಈರಣ್ಣನನ್ನ ಕರೆಸಿದ.

"ದ್ಯಾವಿ ಹೆಣ್ಣು, ಆದರೆ ಈ ಹೊಳೆಗೆ ಅವಳೇ ಅಂಬಿಗಿತ್ತಿ."

ಡಂ ಡಂ ಡಂ! "ಈ ಹೊಳೆಗೆ ಅವಳೇ ಅಂಬಿಗಿತ್ತಿ!"

ಅವಳು ಅಂದ್ರೆ ಯಾರು? ಈರಣ್ಣ ಹೆಸರನ್ನೇ ನುಂಗಿಬಿಟ್ಟಿದ್ದ. ಯಾರಂತ ಊರಲ್ಲಿ ಒಬ್ಬರೂ ಕೇಳಲಿಲ್ಲ, ಕೇಳೋದೇ ಬೇಕಿರಲಿಲ್ಲ.

ನನ್ನ ಕಥೆ ದಡ ಸೇರ್ತು ಕಣ್ರಪ್ಪಾ, ಆದರೆ ದ್ಯಾವಿಯ ಹರಿಗೋಲು ಇನ್ನೂ ನಿಂತಿಲ್ಲ.